ಮೂರನೆಯ ಸೈರನ್, ಒಂಬತ್ತನೆಯ ಹಾಡು

ಗುಡುಗಪ್ಪನಿಗೆ,

ಇಪ್ಪತ್ತೆರಡು ವರ್ಷ ಆದಮೇಲೆ ಈ ಹೆಸರು ಹಿಡಿದು ಕರೆದರೆ ನೀನು ತಿರುಗಿ ನೋಡುತ್ತೀಯೋ ಇಲ್ಲವೋ ಗೊತ್ತಿಲ್ಲ. ಈಗ ನಿನ್ನನ್ನು ಎಲ್ಲರೂ 'ಸರ್' ಅನ್ನುತ್ತಾರಂತೆ. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಹತ್ತು ಜನ ನಿನ್ನ ಮಾತು ಕೇಳುತ್ತಾರಂತೆ. ಹೇಳಿದ್ದು ನಮ್ಮ ಬ್ಯಾಂಡಿನ ಬೇಸ್ ಗಿಟಾರಿನವಳು, ಬೇಸ್ ಅಕ್ಕ. ವಿಳಾಸ ಕೊಟ್ಟವಳೂ ಅವಳೇ. ಕೊಡುವಾಗ, "ಏನಾದರೂ ಬರಿ ಮಾರಾಯ, ಆದರೆ ದಮ್ಮಯ್ಯ ಅಂತೀನಿ, ಪ್ರಾಸ ಹಾಕಬೇಡ" ಅಂದಳು. ಹುಲಿಗೆ ಹುಲ್ಲು ತಿನ್ನು ಅಂದ ಹಾಗಾಯಿತು. ಆದರೂ ಪ್ರಯತ್ನ ಪಡುತ್ತೇನೆ. ಎಲ್ಲಾದರೂ ಜಾರಿದರೆ ಕ್ಷಮಿಸು. ಕ್ಷಮಿಸಬೇಕಾದ್ದು ಅದೊಂದೇ ಆಗಿದ್ದರೆ ಈ ಕಾಗದವೇ ಬೇಕಿರಲಿಲ್ಲ.

ಇತ್ತ ನಾನು ಕ್ಷೇಮ ಅಂತ ಬರೆಯುವುದು ಪದ್ಧತಿ. ನಲವತ್ತಾರಕ್ಕೆ ಎಷ್ಟು ಕ್ಷೇಮ ಇರಬೇಕೋ ಅಷ್ಟಿದೆ. ಕೂದಲು ಹೋಗಿದೆ, ಹೊಟ್ಟೆ ಬಂದಿದೆ. ಒಂದು ಕಾಲದಲ್ಲಿ ಬೆಂಕಿ, ರಕ್ತ, ಸಿಡಿಲು, ಸಾವು ಅಂತ ಪುಟಗಟ್ಟಲೆ ಬರೆದವನು ಈಗ ರಸ್ತೆ ಸುರಕ್ಷತೆಯ ಬೋರ್ಡುಗಳಿಗೆ ಎರಡೆರಡು ಸಾಲು ಬರೆದುಕೊಡುತ್ತೇನೆ. 'ತಿರುವು ಕಂಡರೆ ಅರಿವು ಇರಲಿ' ನನ್ನದೇ. ನೀನು ದಿನಾ ಸ್ಕೂಟರಿನಲ್ಲಿ ಅದರ ಮುಂದೆ ಹಾದುಹೋಗುತ್ತಿರಬಹುದು. ಯಾರು ಬರೆದ ಸಾಲು ಅಂತ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೆ ತಿರುವಿನಲ್ಲಿ ಸ್ವಲ್ಪ ಜೋರಾಗಿಯೇ ಹೋಗಿರುತ್ತೀಯ.

ಈಗ ಯಾಕೆ ಬರೆಯುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ಹೋದ ತಿಂಗಳು ನಮ್ಮ ರೆಕಾರ್ಡಿಂಗ್ ಇಂಜಿನಿಯರ್ ಫೋನ್ ಮಾಡಿದ್ದರು. ನೆನಪಿದೆಯಲ್ಲ, ಹಳೇ ಐಸ್ ಫ್ಯಾಕ್ಟರಿಯನ್ನು ಸ್ಟುಡಿಯೋ ಮಾಡಿಕೊಂಡಿದ್ದವರು, ಮೂಗಿನ ಮೇಲೆ ಕನ್ನಡಕ, ಹಣೆಯ ಮೇಲೆ ಇನ್ನೊಂದು ಕನ್ನಡಕ. ಈಗ ನಿವೃತ್ತಿಯಾಗಿ ಕಪಾಟು ಖಾಲಿ ಮಾಡುತ್ತಿದ್ದಾರೆ. ನಮ್ಮ ಆಲ್ಬಂನ ಹಳೇ ಹಾರ್ಡ್ ಡಿಸ್ಕ್ ಸಿಕ್ಕಿತಂತೆ. ಒಂದು ಸಣ್ಣ ಕಂಪನಿಯವರು 'ಮೂರನೆಯ ಸೈರನ್' ಮತ್ತೆ ಹೊರತರಬೇಕು ಅಂತಿದ್ದಾರಂತೆ. "ಕೇಳೋರು ಇದ್ದಾರೇನು ಸಾರ್?" ಅಂದೆ. "ಇದ್ದಾರಪ್ಪ, ಕಿವಿ ಇರೋರು ಎಲ್ಲ ಕಾಲದಲ್ಲೂ ನಾಲ್ಕು ಜನ ಇದ್ದೇ ಇರ್ತಾರೆ" ಅಂದರು. ಆಮೇಲೆ, ಹವಾಮಾನದ ಮಾತಾಡಿದಷ್ಟು ಹಗುರವಾಗಿ ಕೇಳಿದರು: "ಅದ್ಸರಿ, ಒಂಬತ್ತನೇ ಹಾಡಿನ ದಿವಸ ಆ ಡ್ರಮ್ಮಿನ ಹುಡುಗ ಹಾಡ್ಕೊಂಡೇ ಬಾರಿಸಲಿ ಬಿಡು, ನಾನು ನೋಡ್ಕೋತೀನಿ ಅಂತ ನಿನಗೆ ಹೇಳಿದ್ದೆನಲ್ಲ. ಮತ್ತೆ ಅವನ ಬಾಯಿಗೆ ಬಟ್ಟೆ ಯಾಕೆ ಕಟ್ಟಿದ್ರಿ?"

"ಲೈನ್ ಕಟ್ಟಾಯ್ತೇನೋ" ಅಂತ ಅವರೇ ಇಟ್ಟರು.

ಗುಡುಗಪ್ಪ, ಈ ಮಾತು ನಿನಗೆ ಈಗಲೇ ಗೊತ್ತಾಗುತ್ತಿದೆ. ಅವರು ಬೇಡ ಅಂದಿರಲಿಲ್ಲ. ಬೇಡ ಅಂದವನು ನಾನು, ಅವರ ಹೆಸರಿನಲ್ಲಿ.

ಮೊದಲಿಂದ ಹೇಳದೆ ಹೋದರೆ ಇದನ್ನೂ ಎರಡು ಸಾಲಿನ ಬೋರ್ಡು ಮಾಡಿ ಮುಗಿಸಿಬಿಟ್ಟೇನು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

ನಿಮ್ಮ ಮನೆಗೆ ನಾನು ಮೊದಲ ಸಲ ಬಂದದ್ದು ಡಿಗ್ರಿ ಎರಡನೇ ವರ್ಷದಲ್ಲಿ. ಮಿಲ್ಲಿನ ಕ್ವಾರ್ಟರ್ಸು, ಎರಡು ಕೋಣೆ. ನೀನು ತಗಡಿನ ಟ್ರಂಕು ಮಗುಚಿ ಹಾಕಿಕೊಂಡು ಬಾರಿಸುತ್ತಿದ್ದೆ. ಎದುರಿಗೆ ನಿಮ್ಮಪ್ಪ ಚಾಪೆಯ ಮೇಲೆ ಕೂತು, ಒಂದು ಅಂಗೈ ಟ್ರಂಕಿನ ಮೇಲೆ ಇಟ್ಟುಕೊಂಡು, ನಿನ್ನ ಬಾಯನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಬಾಯ್ಲರ್ ಮನೆಯಲ್ಲಿ ದುಡಿದು, ದಿನಕ್ಕೆ ಮೂರು ಸಲ ಸರಪಳಿ ಎಳೆದು ಇಡೀ ಊರಿಗೆ ಸೈರನ್ ಕೂಗಿಸಿದ ಮನುಷ್ಯನಿಗೆ ಆ ಸೈರನ್ನೇ ಕೇಳಿಸುತ್ತಿರಲಿಲ್ಲ. ಗೋಡೆ ಗಡಿಯಾರ ನೋಡಿ ಎಳೆಯುತ್ತಿದ್ದರು. ಮಾತನ್ನು ತುಟಿಯಿಂದ ಓದುತ್ತಿದ್ದರು. ಅದಕ್ಕೇ ನೀನು ಬಾರಿಸುವಾಗ ಹಾಡುತ್ತಿದ್ದೆ. ತಾಳ ಅವರ ಅಂಗೈಗೆ, ಪದ ಅವರ ಕಣ್ಣಿಗೆ. ಅಕ್ಕಪಕ್ಕದವರು ಜಗಳಕ್ಕೆ ಬರಲಿಲ್ಲ. ಅವರೂ ಮಿಲ್ಲಿನವರೇ, ಅರ್ಧ ಅರ್ಧ ಕಿವಿಯವರೇ.

ಆ ಅಭ್ಯಾಸ ನಿನ್ನನ್ನು ಬಿಡಲಿಲ್ಲ. ನಿಜವಾದ ಡ್ರಮ್ಮು ಬಂದಮೇಲೂ ಕೈ ಓಡಿದ ಕಡೆ ಬಾಯಿ ಓಡುತ್ತಿತ್ತು. ನಮ್ಮ ಹಾಡುಗಾರ, ಗಂಟಲು ಅಂತ ನಾವು ಕರೆಯುತ್ತಿದ್ದವನು, ಎಷ್ಟು ಸಲ ರೇಗಿದ: "ಲೋ, ಹಾಡೋಕೆ ನನ್ನ ಕರೆಸಿದ್ದೀರೋ ಇವನಿಗೆ ತಾಳ ಹಾಕೋಕೆ ಕರೆಸಿದ್ದೀರೋ?" ನೀನು ನಗುತ್ತಿದ್ದೆ. ಯಾಕೆ ಹಾಡುತ್ತೀಯ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಟ್ರಂಕಿನ ಆ ಪಕ್ಕದಲ್ಲಿ ಎಷ್ಟೋ ಸಂಜೆ ನಾನೂ ಕೂತಿದ್ದೆನಲ್ಲ. ಗೊತ್ತಿಲ್ಲದೆ ಮಾಡಿದೆ ಅಂತ ಹೇಳುವ ಸೌಕರ್ಯವೂ ನನಗಿಲ್ಲ.

ಆಲ್ಬಂನ ಕತೆ ಹುಟ್ಟಿದ್ದೂ ಆ ಮನೆಯಲ್ಲೇ. ಹೆವಿ ಮೆಟಲ್ ರಾಕ್ ಆಪೆರಾ ಅಂದರೆ ಏನು ಅಂತ ನಿಮ್ಮಪ್ಪ ಕೇಳಿದಾಗ ನಾನು ಕೈ ಬಾಯಿ ತಿರುಗಿಸಿ ವಿವರಿಸಿದ್ದೆ: ನಾಟಕ, ಆದರೆ ಮಾತಿಲ್ಲ, ಎಲ್ಲ ಹಾಡು, ಹನ್ನೆರಡು ಹಾಡಿಗೆ ಒಂದೇ ಕತೆ, ಗಿಟಾರು ಡ್ರಮ್ಮು ಎಲ್ಲ ಗೋಡೆ ಬೀಳುವಷ್ಟು ಜೋರು. ಅವರು ಪೂರ್ತಿ ನೋಡಿಕೊಂಡು, "ಭಾರೀ ಕಬ್ಬಿಣ, ಭಾರೀ ಸದ್ದು. ನಮ್ಮ ಬಾಯ್ಲರ್ ಮನೆ ಇದ್ದ ಹಾಗೆ. ಇದಕ್ಕೆ ಆಲ್ಬಂ ಯಾಕೆ ಮಾಡ್ತೀರ, ನಾನು ಬಿಟ್ಟಿಯಾಗಿ ಮೂವತ್ತು ವರ್ಷ ಕೇಳಿದ್ದೀನಲ್ಲ" ಅಂದರು. ಅವತ್ತೇ ನೀನು ಅಂದೆ, "ಲೋ ಪ್ರಾಸಪ್ಪ, ಕತೆ ಸಿಕ್ತು ಕಣೋ."

ಒಂದು ಮಿಲ್ಲು. ದಿನಕ್ಕೆ ಮೂರು ಸೈರನ್. ಮೊದಲನೆಯದು ಏಳಲು, ಎರಡನೆಯದು ದುಡಿಯಲು, ಮೂರನೆಯದು ಮನೆಗೆ ಹೋಗಲು. ಒಂದು ದಿನ ಮಾಲೀಕ ಮೈಕಿನಲ್ಲಿ ಹೇಳಿಸುತ್ತಾನೆ, ಇವತ್ತಿಂದ ಮೂರನೆಯ ಸೈರನ್ ಇಲ್ಲ, ಯಾರೂ ಮನೆಗೆ ಹೋಗುವ ಹಾಗಿಲ್ಲ. ಎಲ್ಲರಿಗೂ ಕೇಳಿಸುತ್ತದೆ, ಸೈರನ್ ಎಳೆಯುವ ಕಿವುಡನೊಬ್ಬನಿಗೆ ಬಿಟ್ಟು. ಅವನ ಮಗ ಬಾಯ್ಲರ್ ಮನೆಗೆ ಓಡುತ್ತಾನೆ. ಒಂಬತ್ತನೆಯ ಹಾಡು ಅದು. ಹತ್ತನೆಯ ಹಾಡಿನಲ್ಲಿ ಸೈರನ್ ಕೂಗುತ್ತದೆ. ಇಡೀ ಕತೆ ನಿಂತಿದ್ದೇ ಒಂಬತ್ತನೆಯ ಹಾಡಿನ ಕೀಲಿನ ಮೇಲೆ.

ಹನ್ನೊಂದು ಹಾಡಿಗೆ ನಾನು ಸಾಹಿತ್ಯ ಬರೆದೆ. ಒಂಬತ್ತನೆಯದನ್ನು ನೀನು ಬರೆದುಕೊಂಡು ಬಂದೆ, ಬಸ್ ಟಿಕೆಟ್ಟಿನ ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಓದಿದೆ. ಎಲ್ಲರ ಮುಂದೆ ನೀನೇ ಓದುವಾಗ ನಿನ್ನ ಕಿವಿ ಕೆಂಪಾಗಿತ್ತು.

ಅಪ್ಪಾ, ಬಾಗಿಲು ಬಡಿದೆ. ನಿನಗೆ ಕೇಳಿಸಲಿಲ್ಲ.
ಗಂಟಲು ಹರಿಯುವಂತೆ ಕೂಗಿದೆ. ನಿನ್ನ ಮುಖ ಬೆಂಕಿಯ ಕಡೆಗೇ.
ದೀಪ ಆರಿಸಿ ಹಚ್ಚಿದೆ. ನೀನು ತಿರುಗಿದೆ.
ಈಗ ನನ್ನ ಬಾಯಿ ನೋಡು.
ಅವರು ನಮ್ಮನ್ನು ಮನೆಗೆ ಬಿಡುವುದಿಲ್ಲವಂತೆ.
ನೀನು ಏನೂ ಕೇಳಿಸಿಕೊಂಡಿಲ್ಲ. ಸರಪಳಿ ಎಳೆ.

ಅಷ್ಟೇ. ಆರು ಸಾಲು. ಬೇಸ್ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂತಳು. ಗಂಟಲು ಕೆಮ್ಮಿದ. ನಾನು ಹನ್ನೊಂದು ಹಾಡು ಓದಿದಾಗ ಎಲ್ಲರೂ ಭಲೇ ಅಂದಿದ್ದರು, ಚಪ್ಪಾಳೆ ಹೊಡೆದಿದ್ದರು, ಗಂಟಲು ಶಿಳ್ಳೆ ಹಾಕಿದ್ದ. ಒಬ್ಬರೂ ಕನ್ನಡಕ ಒರೆಸಿರಲಿಲ್ಲ.

ಹೊಟ್ಟೆಕಿಚ್ಚು ಅನ್ನುವ ಪದಕ್ಕೆ ಪ್ರಾಸ ಹುಡುಕುವುದು ಸುಲಭ. ಒಪ್ಪಿಕೊಳ್ಳಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

ಆಗ ಅಂದದ್ದು ಬೇರೆ. "ಚೆನ್ನಾಗಿದೆ, ಆದರೆ ಇದು ಹಾಡಲ್ಲ, ವರದಿ" ಅಂದೆ. "ಪ್ರಾಸ ಎಲ್ಲಿ? ಹನ್ನೆರಡೂ ಒಂದೇ ಕೈಯಿಂದ ಬರಬೇಕು. ಕೊಡು, ಸ್ವಲ್ಪ ತಿದ್ದಿಕೊಡ್ತೀನಿ." ನೀನು ಟಿಕೆಟ್ಟನ್ನು ನನ್ನ ಕೈಗೆ ಕೊಟ್ಟೆ. "ನಿನಗೆ ಗೊತ್ತಿರುತ್ತಪ್ಪ, ಸಾಹಿತ್ಯ ನಿಂದು" ಅಂದೆ. ಎರಡು ದಿನಕ್ಕೆ ನಾನು ತಿದ್ದಿ ತಂದದ್ದು ಹೀಗಿತ್ತು.

ಕಿವುಡಾಯಿತು ಗೋಡೆ, ಕುರುಡಾಯಿತು ಮೋಡ,
ಕಬ್ಬಿಣದ ಎದೆಯಲ್ಲಿ ಕೆಂಡವಿದೆ ನೋಡ!
ಉರಿಯುತಿದೆ ಒಲೆ, ಮುರಿಯುತಿದೆ ಅಲೆ,
ಎಲ್ಲಿಹುದು ಎಲೆ ಮನುಜ ನಿನ್ನ ತಲೆ?

ಸಮುದ್ರವೇ ಇಲ್ಲದ ಕತೆಯಲ್ಲಿ ಅಲೆ ಎಲ್ಲಿಂದ ಬಂತು ಅಂತ ಅವತ್ತು ಯಾರೂ ಕೇಳಲಿಲ್ಲ. ಒಲೆಗೆ ಜೊತೆ ಬೇಕಿತ್ತು, ಬಂತು. ಅಪ್ಪನೂ ಇಲ್ಲ, ಮಗನೂ ಇಲ್ಲ, ಬಾಗಿಲೂ ಇಲ್ಲ, ದೀಪವೂ ಇಲ್ಲ. ಗಂಟಲಿಗೆ ಖುಷಿಯೋ ಖುಷಿ. "ಇದು ನೋಡು, ಬಾಯಿಗೆ ತಾನಾಗೇ ಬರುತ್ತೆ" ಅಂದ. ನೀನು ಓದಿ, ಮಡಚಿ, ಜೇಬಿಗೆ ಹಾಕಿಕೊಂಡೆ. "ಜೋರಾಗಿದೆ" ಅಂದೆ. ಅಷ್ಟೇ ಅಂದದ್ದು.

ಐಸ್ ಫ್ಯಾಕ್ಟರಿಯಲ್ಲಿ ನಮಗೆ ಹನ್ನೊಂದು ದಿನ ಇತ್ತು, ಊಟ ನಿದ್ದೆ ಎಲ್ಲ ಅಲ್ಲೇ. ಗೇಣು ದಪ್ಪದ ಬಾಗಿಲು, ಗೋಡೆ ತುಂಬ ನೇತುಹಾಕಿದ ಹಳೇ ಹಾಸಿಗೆಗಳು, ಒಳಗೆ ಹೋದರೆ ನಮ್ಮ ಉಸಿರು ನಮಗೇ ಕೇಳಿಸುತ್ತಿತ್ತು. ಮೊದಲು ಡ್ರಮ್ಮು. ನಿನ್ನ ತಲೆಯ ಮೇಲೆ ಎರಡು ಮೈಕು ತೂಗುತ್ತಿದ್ದವು, ಆ ಮೈಕುಗಳಿಗೆ ನಿನ್ನ ಬಾಯಿಯ ಸದ್ದೂ ಸೋರುತ್ತದೆ ಅನ್ನುವುದು ನಮ್ಮ ತಲೆನೋವು. ಎಂಟು ಹಾಡಿಗೆ ನೀನು ಬೆಂಕಿಕಡ್ಡಿ ಕಚ್ಚಿಕೊಂಡು ಬಾರಿಸಿದೆ. ಹಾಡಿಗೊಂದು ಕಡ್ಡಿ ಮುರಿಯುತ್ತಿತ್ತು. ಗಂಟಲು, "ಒಲೆ ಹಚ್ಚೋಕೂ ಉಳಿಸಲ್ಲ ಇವನು" ಅಂತ ಗೊಣಗುತ್ತಿದ್ದ.

ಐದನೆಯ ದಿನ ಬೆಳಿಗ್ಗೆ ಒಂಬತ್ತನೆಯ ಹಾಡು. ಮೊದಲು ಒಂದು ಸಲ ಸುಮ್ಮನೆ ಬಾರಿಸಿ ನೋಡೋಣ ಅಂತ ನೀನು ಕೂತೆ. ಕಡ್ಡಿ ಇರಲಿಲ್ಲ, ಬಾಯಿ ಬಿಟ್ಟೇ ಬಾರಿಸಿದೆ. ನಿನ್ನ ಕಿವಿಯ ಹೆಡ್‌ಫೋನಿನಲ್ಲಿ ಗಂಟಲು ನನ್ನ ಮೋಡ ಹಾಡುತ್ತಿದ್ದ. ನೀನು ನಿನ್ನ ದೀಪ ಹಾಡುತ್ತಿದ್ದೆ. ಅದು ಮುಗಿದು ಹತ್ತು ನಿಮಿಷಕ್ಕೆ ನಿಮ್ಮಪ್ಪ ಆ ದಪ್ಪ ಬಾಗಿಲು ದೂಡಿಕೊಂಡು ಬಂದರು. ವಾರದ ರಜೆ ಅಲ್ಲ, ಅರ್ಧ ದಿನ ಹೇಳಿ ಬಂದಿದ್ದರು. ಮೂರನೆಯ ಸೈರನ್ ಎಳೆಯಲು ವಾಪಸ್ ಹೋಗಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ, ಮದುವೆಗೆ ಬಂದವರ ಹಾಗೆ.

ನಿನ್ನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರನ್ನು ಗಾಜಿನ ಆ ಕಡೆ, ಇಂಜಿನಿಯರ್ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ದೊಡ್ಡ ಸ್ಪೀಕರಿನ ಮರದ ಮೇಲೆ ಅವರ ಅಂಗೈ ಇಡಿಸಿ ಬಂದೆ. ಆಮೇಲೆ ನಿನ್ನ ಸ್ಟೂಲನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದೆ. ಮುಂದಿದ್ದ ಸಿಂಬಲ್ ತಟ್ಟೆಯ ಸ್ಟ್ಯಾಂಡನ್ನು ಕೆಳಗಿಳಿಸಿದೆ. ನಾನು ಯಾಕೆ ಅಂತ ಕೇಳಿದ್ದಕ್ಕೆ, "ಅಪ್ಪಂಗೆ ಬಾಯಿ ಕಾಣಬೇಕಲ್ಲ" ಅಂದೆ. "ಇದೊಂದು ಹಾಡು ಕಡ್ಡಿ ಬೇಡ ಕಣೋ. ಸಾರ್‌ನ ಒಂದು ಮಾತು ಕೇಳ್ಕೊಂಡು ಬಾ. ಆಲ್ಬಂನಲ್ಲಿ ನಿಂದೇ ಇರಲಿ, ನಂದು ಅವರಿಗೆ ಮಾತ್ರ."

ಕೇಳಲು ಹೋದೆ. ಅವರು ಗುಂಡಿ ತಿರುಗಿಸುತ್ತಾ, "ಹಾಡಲಿ ಬಿಡು, ನಾನು ನೋಡ್ಕೋತೀನಿ" ಅಂದರು. ನಾಲ್ಕೇ ಪದ. ಆ ಕೋಣೆಯಿಂದ ನಿನ್ನ ಕೋಣೆಗೆ ಹನ್ನೆರಡು ಹೆಜ್ಜೆ. ಆ ಹನ್ನೆರಡು ಹೆಜ್ಜೆಯಲ್ಲಿ ನಾನು ಏನು ಯೋಚಿಸಿದೆ ಅಂತ ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ನೀನು ಬಾಯಿಬಿಟ್ಟು ಹಾಡಿದ್ದು ರೆಕಾರ್ಡಾದರೆ, ಆಮೇಲೆ ಹಾಕಿದಾಗ ಎಲ್ಲರಿಗೂ ಕೇಳಿಸುತ್ತದೆ. ಮತ್ತೆ ಬೇಸ್ ಅಕ್ಕ ಕನ್ನಡಕ ತೆಗೆಯುತ್ತಾಳೆ. ಯಾರಾದರೂ ಒಬ್ಬರು, "ಇದನ್ನೇ ಇಟ್ಟುಕೊಳ್ಳೋಣ" ಅನ್ನುತ್ತಾರೆ. ಆಲ್ಬಂನ ರಟ್ಟಿನ ಮೇಲೆ 'ಸಾಹಿತ್ಯ' ಅಂತ ಬರೆದ ಕಡೆ ಎರಡು ಹೆಸರು ಬರುತ್ತವೆ. ಇಷ್ಟೇ. ಇಷ್ಟಕ್ಕೇ.

"ಬೇಡವಂತೆ, ಸೋರುತ್ತಂತೆ" ಅಂದೆ.

ನೀನು ಗಾಜಿನ ಕಡೆ ನೋಡಿದೆ. "ಕಡ್ಡಿ ಕಚ್ಚಿದ್ರೂ ಇದಕ್ಕೆ ಬಾಯಿ ನಿಲ್ಲಲ್ವಲ್ಲೋ" ಅಂದೆ. ಡ್ರಮ್ಮಿನ ಸದ್ದು ತಗ್ಗಿಸಲು ಹೊದಿಸುತ್ತಿದ್ದ ಕಪ್ಪು ಬಟ್ಟೆಯ ಒಂದು ಪಟ್ಟಿ ಕೆಳಗೆ ಬಿದ್ದಿತ್ತು. ಅದನ್ನು ನಾನೇ ಎತ್ತಿಕೊಂಡೆ. ನೀನು ಮಗುವಿನ ಹಾಗೆ ತಲೆ ಬಗ್ಗಿಸಿದೆ. ಗಂಟು ನಾನೇ ಹಾಕಿದೆ. ಜಾರದ ಹಾಗೆ, ಎರಡು ಗಂಟು. "ಇರಲಿ ಬಿಡು, ಮನೆಗೆ ಹೋದಮೇಲೆ ಹಾಡಿ ತೋರಿಸ್ತೀನಿ" ಅಂತ ಬಟ್ಟೆಯ ಒಳಗಿಂದಲೇ ಅಂದೆ.

ನೀನು ಬಾರಿಸಿದೆ. ನಾನು ಗಾಜಿನ ಆ ಕಡೆ ನಿಮ್ಮಪ್ಪನ ಹಿಂದೆ ನಿಂತಿದ್ದೆ. ಅವರು ಅಂಗೈ ಸ್ಪೀಕರಿಗೆ ಒತ್ತಿಕೊಂಡು ನಿನ್ನ ಮುಖವನ್ನೇ ನೋಡಿದರು. ಬಟ್ಟೆ ಅಲ್ಲಾಡುತ್ತಿತ್ತು. ಒಳಗೆ ಬಾಯಿ ಅಲ್ಲಾಡುತ್ತಿತ್ತು. ಅವರು ಕುರ್ಚಿಯಿಂದ ಮುಂದೆ ಬಾಗಿದರು, ಆಮೇಲೆ ಗಾಜಿನ ಹತ್ತಿರ ಹೋಗಿ ನಿಂತರು, ಕಣ್ಣು ಕಿರಿದು ಮಾಡಿದರು. ಹಾಡು ಮುಗಿಯಿತು. ಒಂಬತ್ತು, ಹತ್ತು ಒಂದಕ್ಕೊಂದು ಅಂಟಿದ ಹಾಡುಗಳಲ್ಲವೇ, ನೀವು ನಿಲ್ಲಿಸದೆ ಮುಂದಕ್ಕೆ ಹೋದಿರಿ. ಅವರು ನನ್ನ ಕಡೆ ತಿರುಗಿ, ಕಿವುಡರು ಮಾತಾಡುವ ಆ ದೊಡ್ಡ ದನಿಯಲ್ಲಿ ಕೇಳಿದರು: "ಯಾಕಪ್ಪಾ, ಅವನಿಗೆ ಹಲ್ಲು ನೋವಾ?"

ನಾನು ತಲೆ ಅಲ್ಲಾಡಿಸಿದೆ. ಹೌದು ಅಂತ.

"ಪಾಪ, ನೋವಲ್ಲೂ ಎಷ್ಟು ಚೆನ್ನಾಗಿ ಬಾರಿಸ್ತಾನೆ" ಅಂದರು. ಹೊರಗೆ ಹೋದರು. ಅರ್ಧ ಗಂಟೆಗೆ ಬೆವರುತ್ತಾ ವಾಪಸ್ ಬಂದರು. ನೀವು ಅದೇ ಎರಡು ಹಾಡನ್ನು ನಾಲ್ಕನೆಯ ಸಲವೋ ಐದನೆಯ ಸಲವೋ ಬಾರಿಸುತ್ತಿದ್ದಿರಿ, ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು, ಯಾರೂ ಒಳಗೆ ಹೋಗುವ ಹಾಗಿರಲಿಲ್ಲ. ಅವರ ಬಸ್ಸಿಗೆ ಹೊತ್ತಾಗಿತ್ತು. ಪೇಪರಿನ ಚೂರಿನಲ್ಲಿ ಕಟ್ಟಿದ ಒಂದು ಸಣ್ಣ ಪೊಟ್ಟಣ ನನ್ನ ಕೈಗಿಟ್ಟರು. "ಲವಂಗ. ದವಡೆಯಲ್ಲಿಟ್ಟು ಮೆಲ್ಲಗೆ ಕಚ್ಚೋಕೆ ಹೇಳು. ನಾನು ಹೇಳಿದ್ರೆ ಕೇಳಲ್ಲ. ನೀನು ಹೇಳಿದ್ರೆ ಕೇಳ್ತಾನೆ."

ನೀನು ಹೊರಗೆ ಬಂದು, ಬಟ್ಟೆ ಕಿತ್ತು, ಮೊದಲು ಕೇಳಿದ್ದು "ಅಪ್ಪ ಎಲ್ಲಿ?" ಅಂತ. ಬಸ್ಸಿಗೆ ಹೊತ್ತಾಯ್ತು, ಹೋದ್ರು ಅಂದೆ. "ಏನಾದ್ರೂ ಅಂದ್ರಾ?" "ಚೆನ್ನಾಗಿ ಬಾರಿಸ್ತಾನೆ ಅಂದ್ರು." ಅದು ಸುಳ್ಳಲ್ಲ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಪೊಟ್ಟಣ ಪ್ಯಾಂಟಿನ ಜೇಬಿನಲ್ಲಿತ್ತು. ಅದನ್ನು ಕೊಟ್ಟರೆ ಹಲ್ಲು ನೋವಿನ ಮಾತು ಬರುತ್ತದೆ, ಹಲ್ಲು ನೋವು ಬಂದರೆ ಬಟ್ಟೆ ಬರುತ್ತದೆ, ಬಟ್ಟೆ ಬಂದರೆ ನೀನು ಇಂಜಿನಿಯರ್ ಹತ್ತಿರ ಹೋಗಿ ಯಾಕೆ ಸಾರ್ ಅಂತ ಒಂದು ಮಾತು ಕೇಳಿಬಿಡುತ್ತೀಯ. ಕೊಡಲಿಲ್ಲ. ಜೇಬಿನಲ್ಲಿ ಇಡೀ ದಿನ ಲವಂಗ ಘಮಗುಟ್ಟುತ್ತಿತ್ತು. ಬೇಸ್ ಅಕ್ಕ, "ಯಾರೋ ಇದು ಇಷ್ಟು ಚೆನ್ನಾಗಿ ಹಲ್ಲುಜ್ಜಿರೋದು?" ಅಂತ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಹೋದಮೇಲೆ ಅವರು ನಿನ್ನನ್ನು ಕೇಳೇ ಕೇಳುತ್ತಾರೆ ಅನ್ನುವಷ್ಟು ಬುದ್ಧಿ ನನಗೆ ಇರಬೇಕಿತ್ತು. ಇತ್ತೋ ಏನೋ. ಹನ್ನೊಂದನೆಯ ದಿನ ನೀನು ಕೋಲು ಎರಡನ್ನೂ ಚೀಲಕ್ಕೆ ಹಾಕಿ, ನನ್ನ ಬೆನ್ನಿಗೆ ಒಂದು ಗುದ್ದಿ, "ಬರ್ತೀನಿ ಪ್ರಾಸಪ್ಪ" ಅಂತ ಹೋದೆ. ನಾನು ನಿನ್ನನ್ನು ನೋಡಿದ ಕಡೆಯ ದಿನ ಅದು. ಒಂದೂವರೆ ತಿಂಗಳಿಗೆ ಆಲ್ಬಂ ಬಿಡುಗಡೆ ಇಟ್ಟುಕೊಂಡಿದ್ದೆವು. ನೀನು ಬರಲಿಲ್ಲ. ಗಂಟಲು ಫೋನ್ ಮಾಡಿ ಬಂದು, ಎಲ್ಲರ ಮುಂದೆ ನಿನ್ನ ಉತ್ತರ ಹೇಳಿದ: "ಹಲ್ಲು ನೋವಂತೆ. ಕಳಿಸಿದ ಲವಂಗ ಇನ್ನೂ ತಲುಪಿಲ್ಲ ಅಂತ ಪ್ರಾಸಪ್ಪನಿಗೆ ಹೇಳಬೇಕಂತೆ. ತಲೆ ಕೆಟ್ಟಿದೆ ಅವನಿಗೆ." ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ನಿಂತುಕೊಂಡೆ.

ಆಮೇಲೆ ನೀನು ಡ್ರಮ್ಮು ಮಾರಿದೆ ಅಂತ ಕೇಳಿದೆ. ನಿಮ್ಮ ಬೀದಿಯ ತುದಿಯವರೆಗೆ ಎರಡು ಸಲ ಬಂದಿದ್ದೇನೆ. ಒಂದು ಸಲ ಸೈಕಲ್ ಅಂಗಡಿಯವನು "ಯಾರು ಬೇಕು?" ಅಂದ. "ಯಾರೂ ಬೇಡ" ಅಂದೆ. ಇನ್ನೊಂದು ಸಲ ಅವನೂ ಕೇಳಲಿಲ್ಲ.

ಆಲ್ಬಂ ಏನಾಯಿತು ಅಂತ ನೀನು ವಿಚಾರಿಸಿರಲಿಕ್ಕಿಲ್ಲ. ಬೀಗುವಂಥದ್ದೇನೂ ಆಗಲಿಲ್ಲ. ಒಂದು ಪತ್ರಿಕೆಯಲ್ಲಿ ಒಬ್ಬರು, 'ಹತ್ತನೆಯ ಹಾಡಿನಲ್ಲಿ ಸೈರನ್ ಏಕೆ ಕೂಗುತ್ತದೆ ಎಂಬುದು ಕೊನೆಗೂ ನಿಗೂಢ; ಇದೇ ಈ ಕೃತಿಯ ಆಳ' ಅಂತ ಬರೆದರು. ಆಳವೂ ಇಲ್ಲ, ತಾಳವೂ ಇಲ್ಲ, ಕೀಲು ಕಿತ್ತು ಹಾಕಿದ ಬಾಗಿಲು ಅದು. ಮಗ ಏನು ಹೇಳಿದ ಅಂತ ಹೇಳದೆ ಹೋದರೆ ಅಪ್ಪ ಯಾಕೆ ಎಳೆದ ಅಂತ ಯಾರಿಗೆ ತಿಳಿಯಬೇಕು? ಆ ಪತ್ರಿಕೆಯ ಚೂರನ್ನು ನಾನು ಬಹಳ ವರ್ಷ ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ನೋಡು ನನ್ನ ಮರ್ಯಾದೆ.

ಮೂರು ವರ್ಷದ ಹಿಂದೆ ನಿಮ್ಮಪ್ಪ ಹೋದ ಸುದ್ದಿಯನ್ನು ಬೇಸ್ ಅಕ್ಕ ತಿಂಗಳು ತಡವಾಗಿ ತಿಳಿಸಿದಳು. ನಿನಗೆ ಕಾಗದ ಬರೆಯಲು ಕೂತೆ. ಎರಡನೆಯ ಸಾಲಿನಲ್ಲೇ ಒಂದು ಪ್ರಾಸ ಬಂದು ಕೂತಿತು, ಕರೆಯದೆ ಬಂದ ನೆಂಟನ ಹಾಗೆ. ಹರಿದು ಹಾಕಿದೆ. ಸತ್ತವರ ಮುಂದೆಯೂ ಕೈಚಳಕ ತೋರಿಸುವ ಕೈ ಅದು. ಮತ್ತೆ ಬರೆಯಲಿಲ್ಲ.

ಅವರಿಗೆ ಆ ಆರು ಸಾಲು ಕೊನೆಗಾದರೂ ತಿಳಿಯಿತೇ ಗುಡುಗಪ್ಪ? ಮನೆಯಲ್ಲಿ ಹಾಡಿ ತೋರಿಸುತ್ತೇನೆ ಅಂದಿದ್ದೆಯಲ್ಲ. ತೋರಿಸಿದೆಯಾ? ಟ್ರಂಕು ಇತ್ತಲ್ಲ. ತೋರಿಸಿರುತ್ತೀಯ ಅಂತ ನಂಬಿಕೊಂಡು ನಾನು ಬಹಳ ದಿನ ನಿದ್ದೆ ಮಾಡಿದ್ದೇನೆ. ಆದರೆ ಬೇಸ್ ಅಕ್ಕನನ್ನು ಕೇಳಿದಾಗ ಅವಳು, "ಆ ಹಾಡಿನ ಹೆಸರೆತ್ತಿದ್ರೆ ಎದ್ದು ಹೋಗ್ತಾನೆ" ಅಂದಳು. ಅದಾದಮೇಲೆ ಆ ನಂಬಿಕೆಯೂ ಹೋಯಿತು.

ಈಗ ಕೇಳು. ಇಂಜಿನಿಯರಿಗೆ ಒಂದು ಅಭ್ಯಾಸ ಇತ್ತು, ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾವು 'ಸುಮ್ಮನೆ ಒಂದು ಸಲ' ಅಂತ ಬಾರಿಸುವಾಗಲೇ ಅವರು ಸದ್ದಿಲ್ಲದೆ ರೆಕಾರ್ಡ್ ಒತ್ತಿರುತ್ತಿದ್ದರು. ಸುಮ್ಮನೆ ಅಂದುಕೊಂಡಾಗಲೇ ಜನ ಚೆನ್ನಾಗಿ ಬಾರಿಸುತ್ತಾರೆ ಅಂತ ಅವರ ನಂಬಿಕೆ. ಐದನೆಯ ದಿನ ಬೆಳಿಗ್ಗೆ, ನಿಮ್ಮಪ್ಪ ಬರುವ ಹತ್ತು ನಿಮಿಷ ಮೊದಲು, ನೀನು ಬಾಯಿಬಿಟ್ಟು ಬಾರಿಸಿದ್ದು ಅದರಲ್ಲಿದೆ. ಹೋದ ವಾರ ಅವರ ಮನೆಗೆ ಹೋಗಿ ಕೇಳಿದೆ. ಡ್ರಮ್ಮಿನ ಮೇಲೆ ತೂಗುತ್ತಿದ್ದ ಆ ಎರಡು ಮೈಕಿನಲ್ಲಿ, ಸಿಂಬಲ್‌ಗಳ ಸುರಿಮಳೆಯ ಹಿಂದೆ, ದೂರದಿಂದ ಯಾರೋ ಕೂಗುತ್ತಿರುವ ಹಾಗೆ ನಿನ್ನ ದನಿ. ಅಪ್ಪಾ, ಬಾಗಿಲು ಬಡಿದೆ. ಅಪಶ್ರುತಿ ಇದೆ, ಉಸಿರು ಸಿಗುವುದಿಲ್ಲ, 'ಈಗ ನನ್ನ ಬಾಯಿ ನೋಡು' ಅನ್ನುವಲ್ಲಿ ತಾಳ ಅರ್ಧ ಕ್ಷಣ ನಿಲ್ಲುತ್ತದೆ. ಇಂಜಿನಿಯರ್ ಹಣೆಯ ಮೇಲಿನ ಕನ್ನಡಕ ಮೂಗಿಗೆ ಇಳಿಸಿ, "ಸೋರಿದ್ದೇ ಚೆನ್ನಾಗಿದೆ ನೋಡು" ಅಂದರು. ನಾನು ಅವರ ಮನೆಯ ಸೋಫಾದ ಮೇಲೆ ನಲವತ್ತಾರು ವರ್ಷದ ಗಂಡಸು ಅನ್ನುವುದನ್ನು ಮರೆತು ಕೂತಿದ್ದೆ. ಅವರ ಹೆಂಡತಿ ನೀರು ತಂದುಕೊಟ್ಟು, ಏನೂ ಕೇಳದೆ ಒಳಗೆ ಹೋದರು.

ಹೊಸ ಆಲ್ಬಂನಲ್ಲಿ ಒಂಬತ್ತನೆಯ ಹಾಡಿನ ಜಾಗಕ್ಕೆ ಇದನ್ನು ಹಾಕಬೇಕು ಅಂತ ಎಲ್ಲರ ಆಸೆ. ಗಂಟಲನ್ನು ಕೇಳಿದೆ. "ನಾನು ಹಾಡಿದ್ದು ತೆಗಿ ಮಾರಾಯ. ಆ ಅಲೆ ಎಲ್ಲಿಂದ ಬಂತು ಅಂತ ನನ್ನ ಮಗಳು ಕೇಳ್ತಾಳೆ, ಉತ್ತರ ಇಲ್ಲ" ಅಂದ. ಆದರೆ ನೀನು ಹೂಂ ಅನ್ನದೆ ಯಾರೂ ಮುಟ್ಟಬಾರದು ಅಂತ ನಾನು ಕಂಪನಿಯವರಿಗೆ ಬರೆದುಕೊಟ್ಟಿದ್ದೇನೆ. ಆ ಹಾಡು ನೀನು ನಿಮ್ಮಪ್ಪನಿಗೆ ಅಂತ ಇಟ್ಟದ್ದು. ಒಂದು ಸಲ ಸ್ವಲ್ಪ ಅಂತ ಹೇಳಿ ಪೂರ್ತಿ ತಿದ್ದಿದೆ, ಒಂದು ಸಲ ಸುಳ್ಳು ಹೇಳಿ ಮುಚ್ಚಿದೆ, ಈಗ ಕೇಳದೆ ತೆರೆಯುವುದಿಲ್ಲ. ನೀನು ಬೇಡ ಅಂದರೆ ಒಂಬತ್ತನೆಯ ಹಾಡು ಇರುವುದೇ ಇಲ್ಲ. ಎಂಟಾದ ಮೇಲೆ ಹತ್ತು. ನನ್ನ ಮೋಡ ಅಂತೂ ಮತ್ತೆ ಕಟ್ಟುವುದಿಲ್ಲ. ಸಾಹಿತ್ಯ ಯಾರದು ಅನ್ನುವ ಕಡೆ ಹನ್ನೊಂದಕ್ಕೆ ನನ್ನ ಹೆಸರು, ಒಂದಕ್ಕೆ ನಿನ್ನದು. ಇದನ್ನು ಉಪಕಾರ ಅಂತ ತಿಳಿಯಬೇಡ, ತಿದ್ದುಪಡಿ ಅಷ್ಟೇ.

ಕ್ಷಮಿಸು ಅಂತ ಕೇಳಲು ಈ ಕಾಗದ ಬರೆಯಲಿಲ್ಲ. ಕೇಳಬೇಕಾದವರು ಇಬ್ಬರು, ಒಬ್ಬರು ಇಲ್ಲ. ಅರ್ಧ ಕ್ಷಮೆ ಇಟ್ಟುಕೊಂಡು ನಾನೇನು ಮಾಡಲಿ.

ಲಕೋಟೆಯಲ್ಲಿ ಮೂರು ವಸ್ತು ಇವೆ. ಒಂದು ಪೆನ್ ಡ್ರೈವ್, ಅದರಲ್ಲಿ ನಿನ್ನ ಆ ಬೆಳಗಿನ ಹಾಡು. ಒಬ್ಬನೇ ಕೂತು ಕೇಳು. ಎರಡನೆಯದು ಬಸ್ ಟಿಕೆಟ್ಟು. ಅಕ್ಷರ ಮಾಸಿದೆ, ಓದಬಹುದು. ಮೂರನೆಯದು ಪೊಟ್ಟಣ. ಬಿಚ್ಚಿಲ್ಲ. ಅವರು ಮಡಚಿದ ಮಡಿಕೆ ಹಾಗೇ ಇದೆ. ಮೂಗಿಗೆ ಹಿಡಿದರೂ ಈಗ ಏನೂ ಬರುವುದಿಲ್ಲ. ಅವರು ಹೇಳಿದ್ದನ್ನು ಅವರು ಹೇಳಿದ ಹಾಗೇ ತಲುಪಿಸುತ್ತಿದ್ದೇನೆ: ದವಡೆಯಲ್ಲಿಟ್ಟು ಮೆಲ್ಲಗೆ ಕಚ್ಚಬೇಕಂತೆ.

ದೀಪ ಆರಿಸಿ ಹಚ್ಚಿದ್ದೇನೆ. ತಿರುಗುವುದು, ಬಿಡುವುದು ನಿನಗೆ ಸೇರಿದ್ದು.

ನಿನ್ನ ಮನೆಯಲ್ಲಿ ಎಲ್ಲರೂ ಚೆನ್ನಾಗಿರಲಿ. ನಿನ್ನ ಹಲ್ಲುಗಳು ಕಡೆಯವರೆಗೂ ಗಟ್ಟಿಯಾಗಿರಲಿ. ನೀನು ಹಾಡುವಾಗ ಎದುರಿಗೆ ನೋಡುವವರು ಒಬ್ಬರಾದರೂ ಇರಲಿ.

ಗಂಟು ಹಾಕಿದವನು,
ಪ್ರಾಸಪ್ಪ